ವಿರೋಧ ಪಕ್ಷದ ಶಾಸಕರ ಪ್ರಶ್ನೆಯಿಂದ ಏನು ಪ್ರಯೋಜನ?

ಮಾನ್ಯರೇ, ಮಹದಾಯಿ ನೀರಿನ ವಿಷಯದಲ್ಲಿ ವಿರೋಧ ಪಕ್ಷದ ಶಾಸಕರು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿದರೆ ನಮಗೆ ಸಿಗುವುದೇನು ಎಂದು ತಾವು ಕೇಳಿದ್ದೀರಿ. ನಾನು ನರಗುಂದದ ರೈತ. 2015ರಲ್ಲಿ ಇಲ್ಲಿ ಧರಣಿ ಆರಂಭವಾದಂದಿನಿಂದ ಇದೇ ಪ್ರಶ್ನೆ ನನ್ನನ್ನೂ ಕಾಡಿದೆ. ಸಿಗುವುದು ಸಚಿವರು ಹೊಣೆ ಹೊರಬೇಕಾದ ಲಿಖಿತ ದಾಖಲೆ, ಮತ್ತು ಅದು ಸಣ್ಣದಲ್ಲ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಗಳೂ ಬರುತ್ತವೆ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಉತ್ತರದ ಹಾಳೆಯನ್ನು ಒಮ್ಮೆ ತೆಗೆದು ನೋಡಿ: ಎಡಕ್ಕೆ (ಅ), (ಆ), (ಇ) ಎಂದು ಪ್ರಶ್ನೆಗಳು, ಬಲಕ್ಕೆ ಉತ್ತರಗಳು. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡಬಹುದು. ಅದರ ಬದಲು, ಮಹದಾಯಿ ಜಲವಿವಾದ ನ್ಯಾಯಾಧಿಕರಣವು 2018ರಲ್ಲಿ ರಾಜ್ಯಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಕಳಸಾ-ಬಂಡೂರಿ ಯೋಜನೆಗೆ ದೊರೆತ 3.9 ಟಿಎಂಸಿಯನ್ನು ಮಲಪ್ರಭಾ ನದಿಗೆ ತಿರುಗಿಸಲು ಯಾವ ಯಾವ ಅನುಮತಿ ಬಾಕಿ ಇದೆ, ಪ್ರತಿಯೊಂದಕ್ಕೂ ಅರ್ಜಿ ಸಲ್ಲಿಸಿದ ದಿನಾಂಕ ಯಾವುದು, ಈವರೆಗೆ ಖರ್ಚಾದ ಹಣವೆಷ್ಟು ಎಂದು ಬಿಡಿಬಿಡಿಯಾಗಿ ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಗದ್ದಲಕ್ಕಿಂತ ಇಂಥ ಪ್ರಶ್ನೆಯೇ ಸರ್ಕಾರವನ್ನು ಹೆಚ್ಚು ಕಟ್ಟಿಹಾಕುತ್ತದೆಂಬುದು ನನ್ನ ದೃಢವಾದ ನಂಬಿಕೆ.

ಸದನದಲ್ಲಿ ಸಚಿವರು ಕೊಟ್ಟ ಭರವಸೆ ಈಡೇರಿತೋ ಇಲ್ಲವೋ ಎಂಬುದನ್ನು ಸರ್ಕಾರಿ ಭರವಸೆಗಳ ಸಮಿತಿ ಪರಿಶೀಲಿಸುತ್ತದೆ. ಪ್ರಶ್ನೆಗೆ ಮುಂಚಿತವಾಗಿಯೇ ಸೂಚನೆ ಕೊಡಬೇಕಾಗಿರುವುದರಿಂದ, ಬೆಳಗಾವಿ ಅಧಿವೇಶನ ಶುರುವಾದ ಮೇಲೆ ಓಡಾಡದೆ, ತಮ್ಮ ಊರಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಈಗಲೇ ಶಾಸಕರ ಕೈಗೆ ಕೊಡಿ.