ಪ್ರಾರ್ಥನೆ ಸಾಲಿನಲ್ಲಿ ಬೀಳುತ್ತಿದ್ದ ಹುಡುಗಿಯರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಮುಖ್ಯೋಪಾಧ್ಯಾಯಿನಿ, ಹುಡುಗಿ ಮತ್ತು ಅವಳ ತಾಯಿ ಓದಿ ಒಪ್ಪಿದ ಮೇಲೆ ಬರೆದದ್ದು.)

2024ರ ನವೆಂಬರ್. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು ಕಾಯಿ ಬಿಡಿಸುವ ಕಾಲ. ಚಿತ್ರದುರ್ಗದ ನನ್ನ ಕೊಠಡಿಗೆ ಆ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಬಂದರು. ವಯಸ್ಸು ಐವತ್ತನಾಲ್ಕು. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿ ಬಡ್ತಿ ಪಡೆದವರು. ತಮ್ಮ ಕಷ್ಟ ಹೇಳಿಕೊಳ್ಳಲು ಬಂದಿರಲಿಲ್ಲ.

"ಹತ್ತನೇ ಕ್ಲಾಸಿನ ಮೂರು ಹುಡುಗೀರು ಪ್ರೇಯರ್‌ನಲ್ಲಿ ಕಣ್ಣು ಕತ್ತಲೆ ಬಂದು ಬೀಳ್ತಾ ಇದಾರೆ ಮೇಡಂ. ಇವತ್ತು ಒಬ್ಳು, ನಾಳೆ ಇನ್ನೊಬ್ಳು. ಊರಲ್ಲಿ ಗಾಳಿ ಸೋಕೈತೆ ಅಂತಾರೆ. ಒಬ್ಳಿಗೆ ತಾಯಿತಾನೂ ಕಟ್ಸಿದಾರೆ. ನೀವೊಂದ್ಸಲ ಬಂದು ಆ ಮಕ್ಕಳಿಗೆ ಧೈರ್ಯ ಹೇಳಿ ಹೋದ್ರೆ ಸಾಕು."

ಹೀಗೆಂದವರು ಚೀಲದಿಂದ ಒಂದು ಫೈಲ್ ತೆಗೆದು ಮೇಜಿನ ಮೇಲಿಟ್ಟರು. ಅಂಕ ನೋಡಿ ಮಕ್ಕಳನ್ನು ವಿಂಗಡಿಸಿದ ಪಟ್ಟಿ: ಎ ಗುಂಪು, ಬಿ ಗುಂಪು, ಕೊನೆಗೆ ಸಿ ಗುಂಪು. ಸಿ ಗುಂಪಿನ ಹೆಸರುಗಳು ಕೆಂಪು ಶಾಯಿಯಲ್ಲಿದ್ದವು. ಮುಂದಿನ ಮುಕ್ಕಾಲು ಗಂಟೆ ಅವರ ಬಾಯಲ್ಲಿ ಬಂದದ್ದು ಬರೀ ಶೇಕಡಾವಾರು. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80 ಫಲಿತಾಂಶದೊಂದಿಗೆ ಇಡೀ ರಾಜ್ಯಕ್ಕೆ ಮೊದಲ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು. ಕೃಪಾಂಕ ಹೆಚ್ಚಿಸಿ ಕೊಟ್ಟರೂ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಮೊದಲ ಸ್ಥಾನ ಉಡುಪಿಗೆ ಹೋಯಿತು. ಇವರ ಶಾಲೆಯೂ ಕೆಳಗೆ ಬಂತು. ಮೇಲಿನಿಂದ ಕಾರಣ ಕೇಳಿ ಪತ್ರ ಬಂತು. ಆಮೇಲಿನ ಪ್ರತಿ ಸಭೆಯಲ್ಲೂ ಎದ್ದು ನಿಂತು ಉತ್ತರ ಹೇಳಬೇಕು.

ಬೀಳುತ್ತಿದ್ದ ಆ ಮೂವರು ಹುಡುಗಿಯರ ಬಗ್ಗೆ ಅಷ್ಟು ಹೊತ್ತೂ ಒಂದು ಮಾತು ಬರಲಿಲ್ಲ. ಅದನ್ನು ಅವರ ಕಲ್ಲುಮನಸ್ಸು ಎಂದು ನಾನು ತಿಳಿಯಲಿಲ್ಲ. ಇಷ್ಟು ಹೆದರಿದ ಮನುಷ್ಯರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ, ಅದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಮಾತು ನಿಂತಾಗ ಕೇಳಿದೆ: "ಬೆಳಿಗ್ಗೆ ಏನು ತಿಂದ್ರಿ ಮೇಡಂ?"

ಯೋಚಿಸಿದರು. "ಕಾಫಿ ಕುಡ್ದಿದ್ದೆ," ಅಂದವರಿಗೆ ಗಂಟಲು ಕಟ್ಟಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಹೀಗೆ ಯಾರಾದರೂ ಕೇಳಿ ವರ್ಷವೇ ಆಗಿರಬಹುದು ಎಂದರು. ಬಿಪಿ ಮಾತ್ರೆ ತಗೊಳ್ಳುವುದೂ ವಾರಕ್ಕೆ ಎರಡು ಮೂರು ದಿನ ಮರೆಯುತ್ತಿತ್ತಂತೆ.

ಶಾಲೆಗೆ ಬರುತ್ತೇನೆ ಎಂದು ಒಪ್ಪಿಕೊಂಡೆ. ಮಕ್ಕಳ ಜೊತೆ ಮಾತಾಡಿದ ದಿನವೇ ಶಿಕ್ಷಕರ ಜೊತೆಗೂ ನಾನು ಕೂರಬೇಕು ಎಂದು ಕೇಳಿಕೊಂಡೆ.

ಶಾಲೆಗೆ ಹೋದ ದಿನ ಬೆಳಿಗ್ಗೆ ಏಳೂವರೆಗೇ ಅಲ್ಲಿದ್ದೆ. ವಿಶೇಷ ತರಗತಿ ಆಗಲೇ ಶುರುವಾಗಿತ್ತು. ಸಂಜೆ ಆರರವರೆಗೂ ಮತ್ತೆ ವಿಶೇಷ ತರಗತಿ. ಪ್ರಾರ್ಥನೆಗೆ ನಿಂತಾಗ ನಾಡಗೀತೆ ಮುಗಿದ ಮೇಲೆ ಸಿ ಗುಂಪಿನ ಹೆಸರು ಕೂಗಿದರು. ಹತ್ತನೆಯವರ ಜೊತೆ ಎಂಟು, ಒಂಬತ್ತರ ಮಕ್ಕಳೂ ಹೊರಬಂದು ಬೇರೆ ಸಾಲಿನಲ್ಲಿ ನಿಂತರು. ಬಿಸಿಲು ಆಗಲೇ ಏರಿತ್ತು. ಆ ದಿನ ಯಾರೂ ಬೀಳಲಿಲ್ಲ. ಆದರೆ ಒಬ್ಬ ಹುಡುಗಿ ಪಕ್ಕದವಳ ಭುಜಕ್ಕೆ ಒರಗಿದ್ದಳು.

ಆಮೇಲೆ ಗ್ರಂಥಾಲಯ ಎಂದು ಕರೆಯುವ ಸಣ್ಣ ಕೋಣೆಯಲ್ಲಿ ಅವಳೊಬ್ಬಳೇ ನನ್ನ ಜೊತೆ ಕೂತಳು. ಕಾಯಿ ಬಿಡಿಸಿ ಬಿಡಿಸಿ ಬೆರಳ ತುದಿ ಕಪ್ಪಾಗಿದ್ದವು, ಉಗುರ ಸಂದಿಯಲ್ಲಿ ಮಣ್ಣು. ರಾತ್ರಿ ಹನ್ನೊಂದರವರೆಗೂ ಅವ್ವನ ಜೊತೆ ಕೂಲಿಗೆ ಕಾಯಿ ಬಿಡಿಸುತ್ತಾಳೆ. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾಳೆ, ಅಷ್ಟೊತ್ತಿಗೆ ಒಲೆ ಹಚ್ಚಿರುವುದಿಲ್ಲ. ಹೊಟ್ಟೆಗೆ ಏನಾದರೂ ಬೀಳುವುದು ಶಾಲೆಯ ಹಾಲು ಬಂದಾಗ, ಇಲ್ಲದಿದ್ದರೆ ಬಿಸಿಯೂಟಕ್ಕೇ.

"ಹೆಸರು ಕೂಗಿದ ತಕ್ಷಣ ಕಿವಿ ಗುಂಯ್ ಅಂತೈತೆ ಮಿಸ್. ಆಮೇಲೆ ಏನೂ ಕೇಳ್ಸಲ್ಲ."

ಗಣಿತದ ಪುಸ್ತಕ ತೆಗೆಸಿದೆ. ಸಮಾಂತರ ಶ್ರೇಢಿಯ ಒಂದು ಹೇಳಿಕೆ ಲೆಕ್ಕ ಓದಲು ಹೇಳಿದೆ. "ಸ... ಮಾಂ... ತರ..." ಎಂದು ಶ್ರೇಢಿಯ ಹತ್ತಿರ ನಿಂತಳು. ಮುಂದಕ್ಕೆ ಹೋಗಲಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಪಾಸಿಂಗ್ ಪ್ಯಾಕೇಜಿನ (ಪಾಸಾಗುವಷ್ಟು ಅಂಕಕ್ಕೆ ಆಯ್ದ ಪ್ರಶ್ನೆಗಳ) ಉತ್ತರಗಳು ಮುತ್ತಿನಂಥ ಅಕ್ಷರದಲ್ಲಿ ಇದ್ದವು. ಪುಸ್ತಕ ಮುಚ್ಚಿ ಕೇಳಿದೆ: "ಮೊದಲನೇ ದಿನ ಮೂರು ಡಬ್ಬ ಕಾಯಿ ಬಿಡಿಸ್ದೆ ಅಂತಿಟ್ಕೋ. ಆಮೇಲೆ ದಿನಾ ಎರಡೆರಡು ಡಬ್ಬ ಜಾಸ್ತಿ. ಆರನೇ ದಿನ ಎಷ್ಟಾಗುತ್ತೆ?"

"ಹದಿಮೂರು."

"ಆರೂ ದಿನದ್ದು ಸೇರಿಸಿದ್ರೆ?"

ಬೆರಳು ಮಡಿಸಿದಳು, ಬಿಚ್ಚಿದಳು. "ನಲವತ್ತೆಂಟು ಮಿಸ್."

ಈಗ ನೀನು ಮಾಡಿದ್ದೇ ಸಮಾಂತರ ಶ್ರೇಢಿ ಕಣಮ್ಮ ಎಂದೆ. ಅವಳು ನಂಬಲಿಲ್ಲ. ಇದನ್ನು ಗಣಿತದ ಸರ್‌ಗೆ ಹೇಳಬಹುದಾ ಎಂದು ಕೇಳಿದ್ದಕ್ಕೆ ಸುಮಾರು ಹೊತ್ತು ಸುಮ್ಮನಿದ್ದು, ಕೊನೆಗೆ ತಲೆಯಾಡಿಸಿದಳು. ಅವಳು ಹೇಳಿದ್ದರಲ್ಲಿ ಕೆಲವು ಮಾತುಗಳನ್ನು ಯಾರಿಗೂ ಹೇಳಬೇಡಿ ಎಂದಿದ್ದಳು. ಅವು ಇಲ್ಲಿಯೂ ಇಲ್ಲ.

ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ, ಹಿರಿಯ ಸಹಶಿಕ್ಷಕರು, ಗಣಿತದ ಸರ್, ಹಿಂದಿ ಮೇಡಂ, ಪಿಇ ಸರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಕೂತರು. ಪಿಇ ಸರ್ "ಅರ್ಧಕ್ಕರ್ಧ ನಾಟಕ ಮೇಡಂ, ಒಬ್ಳನ್ನ ನೋಡಿ ಇನ್ನೊಬ್ಳು" ಎಂದರು. ಒಬ್ಬಳನ್ನು ನೋಡಿ ಇನ್ನೊಬ್ಬಳು ಬೀಳುವುದು ನಿಜ, ನಾಟಕವೆನ್ನುವುದು ಸುಳ್ಳು ಎಂದು ಸ್ಪಷ್ಟವಾಗಿ ಹೇಳಿದೆ. ಖಾಲಿ ಹೊಟ್ಟೆ, ಸಾಕಾಗದ ನಿದ್ದೆ, ನೂರಾರು ಮಕ್ಕಳ ಮುಂದೆ ಅವಮಾನದ ಭಯ ಮೂರೂ ಒಟ್ಟಿಗೆ ಬಂದಾಗ ದೇಹವೇ ಕೈಬಿಡುತ್ತದೆ. ಹುಡುಗಿ ಅದನ್ನು ಬೇಕೆಂದು ಮಾಡುವುದಿಲ್ಲ. ಮುಂದೆ ಯಾರಾದರೂ ಬಿದ್ದರೆ ಗುಂಪು ಕಟ್ಟಬಾರದು. ಒಬ್ಬ ಮೇಡಂ ಮಾತ್ರ ಹತ್ತಿರ ಹೋಗಿ ನೆರಳಿನಲ್ಲಿ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಬೇಕು. ಪೂರ್ತಿ ಎಚ್ಚರವಾದ ಮೇಲೆ ನೀರು, ತಿನ್ನಲು ಏನಾದರೂ ಕೊಟ್ಟು, ಸುಧಾರಿಸಿಕೊಂಡರೆ ತರಗತಿಗೆ ಕಳಿಸಬೇಕು. ಎಚ್ಚರವಾಗುವುದು ತಡವಾದರೆ ಆಸ್ಪತ್ರೆ. ಇದಕ್ಕೆಲ್ಲ ಮೊದಲು ಮೂವರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರು ನೋಡುವ ಮುಂಚೆ ಇದು ಮನಸ್ಸಿನದು ಎಂದು ತೀರ್ಮಾನಿಸುವ ಹಕ್ಕು ನನಗೂ ಇಲ್ಲ.

ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯ ಸಂಗತಿ ಹಿಂದಿ ಮೇಡಂ ಬಾಯಿಂದ ಬಂತು. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲೇ ಹಂಚುತ್ತಿದ್ದರಂತೆ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಹುಡುಗಿಯರು ಕಿಟಕಿಯಾಚೆ ಎಸೆಯುತ್ತಿದ್ದರು. ಅದನ್ನು ಬಿಸಿಯೂಟದ ನಂತರ ಕೊಡುವುದೆಂದು ಅಲ್ಲೇ ಮಾತಾಯಿತು.

ಹೆಸರು ಕೂಗುವುದನ್ನು ನಾಳೆಯಿಂದಲೇ ನಿಲ್ಲಿಸಿ ಎಂದೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಎಂಟನೇ ತರಗತಿವರೆಗಿನ ಮಕ್ಕಳಿಗೆ, ಆ ಸಾಲಿನಲ್ಲಿ ಎಂಟನೇ ತರಗತಿಯ ಮಕ್ಕಳೂ ಇದ್ದರು.

ಗಣಿತದ ಸರ್ ಅಲ್ಲಿಯವರೆಗೆ ಸುಮ್ಮನಿದ್ದರು. "ಮೇಡಂ, ನೀವು ಬಂದು ಹೋಗ್ತೀರಿ. ರಿಸಲ್ಟ್ ಬಂದಾಗ ಉತ್ತರ ಕೊಡೋರು ನಾವು. ಈ ಮಕ್ಕಳಿಗೆ ಹೆದರಿಕೆ ಇಲ್ದಿದ್ರೆ ಪುಸ್ತಕಾನೇ ಮುಟ್ಟಲ್ಲ." ಅವರ ಮಾತಿನಲ್ಲಿ ಸಂಕಟವಿತ್ತು. ಬೆಳಿಗ್ಗೆ ಏಳಕ್ಕೆ ಬರುವ, ರಜೆಯಲ್ಲೂ ಬರುವ ಶಿಕ್ಷಕರು ಅವರು. ನಾನು ವಾದಕ್ಕೆ ಹೋಗದೆ ನಲವತ್ತೆಂಟು ಡಬ್ಬದ ಲೆಕ್ಕ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. "ಎರಡು ವರ್ಷದಿಂದ ನನ್ನ ಕ್ಲಾಸಲ್ಲಿ ಆ ಹುಡುಗಿ ಬಾಯೇ ಬಿಟ್ಟಿಲ್ಲ," ಎಂದರು. ಅವಳಿಗೆ ತೊಡಕಾಗಿದ್ದು ಲೆಕ್ಕವಲ್ಲ, ಕನ್ನಡ ಓದುವುದು. ಸಿ ಗುಂಪಿನಲ್ಲಿ ಅಂಥವರು ಇನ್ನೆಷ್ಟು ಮಂದಿ ಇದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಆ ಪಟ್ಟಿ ಮಾಡಿದ್ದು ಅಂಕ ನೋಡಿ.

ಹಾಗಾಗಿ ನನ್ನ ಮುಖ್ಯ ಸಲಹೆ ಮುಖ್ಯೋಪಾಧ್ಯಾಯಿನಿಗೇ ಇತ್ತು. ಹತ್ತನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಐದನೇ ತರಗತಿಯ ಒಂದು ಪ್ಯಾರಾ ಓದಿಸಿ, ನೀವೇ ಓದಿಸಿ ಎಂದೆ. ತಡವರಿಸುವ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ಓದು, ಅದೂ ನಿಮ್ಮ ಕೈಯಲ್ಲಿ. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವರು ಬಡ್ತಿಯಾದ ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಭೆ ಎಂದು ಪಾಠದ ಕೋಣೆಗೇ ಕಾಲಿಟ್ಟಿರಲಿಲ್ಲ. ಶಾಲೆಯಲ್ಲಿ ಓದಿಸುವುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಫೈಲ್ ಹಿಡಿದು ಕೂತಿದ್ದರು. ನನಗೆ ಅತಿ ಹೆಚ್ಚು ನೋವಾದದ್ದು ಇದರಿಂದ.

ಎರಡನೆಯದು, ಶನಿವಾರ ಶಾಲೆ ಬಿಟ್ಟ ಮೇಲೆ ನಲವತ್ತು ನಿಮಿಷ ಎಲ್ಲ ಶಿಕ್ಷಕರೂ ಕೂತು ಐದೇ ಐದು ಮಕ್ಕಳ ನೋಟ್‌ಬುಕ್ ಬಿಚ್ಚಿ ನೋಡುವುದು. ಶೇಕಡಾವಾರು ಮಾತಾಡುವಂತಿಲ್ಲ. ಈ ಮಗು ಎಲ್ಲಿ ನಿಂತಿದೆ, ಸೋಮವಾರ ಯಾರು ಏನು ಮಾಡುತ್ತೀರಿ, ಇಷ್ಟೇ. ಮುಖ್ಯೋಪಾಧ್ಯಾಯಿನಿ ಅಲ್ಲಿ ತಪಾಸಣೆಗೆ ಕೂರಬಾರದು, ತಾವೂ ಒಬ್ಬ ಶಿಕ್ಷಕಿಯಾಗಿ ತಮ್ಮ ಓದಿನ ಗುಂಪಿನಲ್ಲಿ ಸೋತದ್ದನ್ನೂ ಹೇಳಬೇಕು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಶಾಲಾ ನಾಯಕತ್ವದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ಲೇಖನ ನನಗೆ ಇಲ್ಲಿ ದಾರಿ ತೋರಿಸಿತು. ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಯ ಜೊತೆ ಅತ್ಯಂತ ಗಟ್ಟಿ ನಂಟು ಕಂಡದ್ದು ಶಿಕ್ಷಕರ ಕಲಿಕೆಯನ್ನು ಬೆಳೆಸುತ್ತ ತಾವೂ ಅದರಲ್ಲಿ ಕೂರುವುದಕ್ಕೆ.

ಊಟದ ವಿಷಯ ಎಸ್‌ಡಿಎಂಸಿ ಅಧ್ಯಕ್ಷರೇ ಕೈಗೆತ್ತಿಕೊಂಡರು. "ಶೇಂಗಾ ಬೆಳೆಯೋ ಊರಲ್ಲಿ ಮಕ್ಳು ಹಸ್ಕೊಂಡು ಬೀಳ್ತವೆ ಅಂದ್ರೆ ನಮಗೇ ನಾಚಿಕೆ ಕಣ್ರೀ," ಎಂದರು. ಹುರಿದ ಶೇಂಗಾ, ಬೆಲ್ಲ, ಕೆಲವು ದಿನ ಒಗ್ಗರಣೆ ಮಂಡಕ್ಕಿ. ಬೆಳಗಿನ ತರಗತಿ ಶುರುವಾಗುವ ಮುಂಚೆ. ಆ ತರಗತಿಯೂ ಎಂಟೂಕಾಲಕ್ಕೆ ಸರಿಯಿತು, ಸಂಜೆಯದು ಐದಕ್ಕೆ ಮುಗಿಯಿತು. ಸುಗ್ಗಿ ಮುಗಿಯುವವರೆಗೆ ರಾತ್ರಿ ಒಂಬತ್ತಕ್ಕೆ ಮಗಳನ್ನು ಕೆಲಸದಿಂದ ಎಬ್ಬಿಸಿ ಮಲಗಲು ಕಳಿಸುವಂತೆ ಹುಡುಗಿಯ ತಾಯಿಯ ಹತ್ತಿರ ಮುಖ್ಯೋಪಾಧ್ಯಾಯಿನಿ ಮನೆಗೇ ಹೋಗಿ ಮಾತಾಡಿದರು. ಕೂಲಿ ಬಿಡಿಸಿ ಎನ್ನುವ ಧೈರ್ಯ ನನಗಾಗಲಿ ಅವರಿಗಾಗಲಿ ಇರಲಿಲ್ಲ. ಆ ಮನೆಯ ಲೆಕ್ಕ ನಮಗೆ ಗೊತ್ತಿತ್ತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ಮಕ್ಕಳ ಸಹಾಯವಾಣಿ 1098 ಎರಡನ್ನೂ ಪ್ರತಿ ತರಗತಿಯ ಬಾಗಿಲ ಒಳಬದಿಯಲ್ಲಿ ಬರೆಸಿದೆವು.

ಮೂವರಲ್ಲಿ ಒಬ್ಬಳ ಹಿಮೋಗ್ಲೋಬಿನ್ 8.6 ಬಂತು, ರಕ್ತಹೀನತೆಗೆ ಚಿಕಿತ್ಸೆ ಶುರುವಾಯಿತು. ಉಳಿದಿಬ್ಬರು ಮೂರನೇ ವಾರದ ಹೊತ್ತಿಗೆ ಬೀಳುವುದು ನಿಲ್ಲಿಸಿದರು. ಓದಿಸಿ ನೋಡಿದಾಗ ಸಿ ಗುಂಪಿನ ಹದಿನೇಳು ಮಕ್ಕಳಲ್ಲಿ ಹನ್ನೊಂದು ಮಂದಿಗೆ ಪ್ಯಾರಾ ಸರಾಗವಾಗಿ ಬರಲಿಲ್ಲ. ಬಿ ಗುಂಪಿನಲ್ಲೂ ಇಬ್ಬರು ಸಿಕ್ಕರು.

ಜನವರಿಯಲ್ಲಿ ಒಂದು ಸಂಜೆ ಮೇಡಂ ಫೋನ್ ಮಾಡಿದರು. "ಇವತ್ತು ಪ್ರೇಯರ್‌ನಲ್ಲಿ ಮತ್ತೆ ಹೆಸರು ಓದಿಸಿಬಿಟ್ಟೆ ಮೇಡಂ." ಹಿಂದಿನ ದಿನ ಸಭೆಯಲ್ಲಿ ಎದ್ದು ನಿಲ್ಲಿಸಿದ್ದರಂತೆ. ರಾತ್ರಿಯೆಲ್ಲ ನಿದ್ದೆಯಿಲ್ಲ, ಬೆಳಿಗ್ಗೆ ಕೈ ತಾನಾಗಿ ಆ ಫೈಲಿಗೆ ಹೋಯಿತು. ನನ್ನ ಸಲಹೆಯಲ್ಲಿ ಒಂದು ದೊಡ್ಡ ಕೊರತೆ ಇತ್ತೆಂದು ಆಗ ತಿಳಿಯಿತು. ಕೆಳಗಿನವರ ಜೊತೆ ಹೇಗಿರಬೇಕೆಂದು ಹೇಳಿದ್ದೆ, ಮೇಲಿನವರ ಮುಂದೆ ಏನು ಹೇಳಬೇಕೆಂದು ಹೇಳಿಕೊಟ್ಟಿರಲಿಲ್ಲ.

ಮಾರನೇ ದಿನ ಪ್ರಾರ್ಥನೆಯಲ್ಲಿ ಅವರು ಮಕ್ಕಳ ಮುಂದೆ ನಿಂತು "ನಿನ್ನೆ ಹೆಸರು ಓದಿಸಿದ್ದು ನನ್ನ ತಪ್ಪು" ಎಂದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಇಬ್ಬರೂ ಕೂತು ಮುಂದಿನ ಸಭೆಗೆ ಒಂದೇ ಹಾಳೆ ತಯಾರಿಸಿದೆವು: ಎಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ, ಈಗ ಎಷ್ಟು ಮಂದಿಗೆ ಬರುತ್ತದೆ, ಹಾಜರಾತಿ ಎಷ್ಟು ಏರಿದೆ, ಶಾಲೆಗೆ ಏನು ಬೇಕು. ಕನ್ನಡಿ ಮುಂದೆ ಎರಡು ಸಲ ಓದಿಕೊಂಡು ಹೋದರು. ಪಕ್ಕದ ಊರಿನ ಇನ್ನೊಬ್ಬ ಮುಖ್ಯ ಶಿಕ್ಷಕಿಯ ಜೊತೆ ಸಭೆಯ ಹಿಂದಿನ ರಾತ್ರಿ ಫೋನಿನಲ್ಲಿ ಮಾತಾಡುವ ರೂಢಿ ಆಗ ಶುರುವಾಯಿತು.

ಗಣಿತದ ಸರ್ ಈಗ ಪ್ರತಿ ಹೇಳಿಕೆ ಲೆಕ್ಕವನ್ನೂ ಮೊದಲು ಒಬ್ಬ ಮಗುವಿನಿಂದ ಗಟ್ಟಿಯಾಗಿ ಓದಿಸಿ, ಇನ್ನೊಬ್ಬರಿಂದ ಸ್ವಂತ ಮಾತಿನಲ್ಲಿ ಹೇಳಿಸಿ, ಆಮೇಲೆ ಬೋರ್ಡಿಗೆ ಹೋಗುತ್ತಾರೆ. ಶನಿವಾರದ ನಲವತ್ತು ನಿಮಿಷ ಮಾತ್ರ ದಂಡ ಎಂದು ಅವರಿಗೆ ಇಂದಿಗೂ ಅನಿಸುತ್ತದೆ. ಬರುತ್ತಾರೆ, ಕೂರುತ್ತಾರೆ. ಡಬ್ಬದ ಲೆಕ್ಕ ಹೇಳಿದ ಹುಡುಗಿ ಮೊದಲ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲಿ ಉಳಿದು, ಎರಡನೇ ಪರೀಕ್ಷೆಯಲ್ಲಿ ಪಾಸಾದಳು.

ಜೂನ್‌ನಲ್ಲಿ ಮೇಡಂ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ವಾರವೇ ಪ್ಯಾರಾ ಓದಿಸಿದರು. ಒಂಬತ್ತು ಮಕ್ಕಳು ತಡವರಿಸಿದರು. ಆ ಒಂಬತ್ತು ಮಕ್ಕಳ ಓದಿನ ಅರ್ಧ ಗಂಟೆಯನ್ನು ಈ ವರ್ಷವೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ.