ನೆಲದ ರೆಡ್ ಆಕ್ಸೈಡ್ ಪುಡಿಯನ್ನು ಕಾರಿನ ಎಪಾಕ್ಸಿ ಪ್ರೈಮರ್‌ಗೆ ಬೆರೆಸಬಹುದೇ?

ಪ್ರಶ್ನೆ: ತಾತನವರ 1968ರ ಫಿಯೆಟ್ 1100ಡಿ ಕಾರನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಮೊದಲಿನ ರೂಪಕ್ಕೆ ತರುತ್ತಿದ್ದೇನೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮತ್ತು ಡಿಕ್ಕಿಯ ಒಳಮೈಯಲ್ಲಿ ಇಟ್ಟಿಗೆ ಕೆಂಪಿನ ಹಳೆಯ ಪ್ರೈಮರ್ ಕಾಣುತ್ತದೆ. ತುಕ್ಕು ಮತ್ತೆ ಏಳದಿರಲಿ ಎಂದು, ರಾಳಕ್ಕೆ ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ದ್ರವ) ಕಲಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ತಂದೆ, ಆದರೆ ಸಿಕ್ಕಿದ್ದು ಬೂದು ಬಣ್ಣದ್ದು. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಯನ್ನು ಇದಕ್ಕೆ ಕಲಸಿ ಬಣ್ಣ ಹೊಂದಿಸಬಹುದೇ? ರಾಳ, ಹಾರ್ಡನರ್ ಬೇರೆ ಬೇರೆ ತಂದು ನಾನೇ ಪ್ರೈಮರ್ ತಯಾರಿಸಿಕೊಂಡರೆ ಹೇಗೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಪುಡಿಯನ್ನು ಬೆರೆಸಬೇಡಿ. ನಿಮ್ಮ ಆಲೋಚನೆಗೆ ಆಧಾರ ಇಲ್ಲದಿಲ್ಲ. ಚಿತ್ರದುರ್ಗ ಜಿಲ್ಲೆಯ ಗಣಿಗಳ ಹೆಮಟೈಟ್ ಅದಿರು, ದಾವಣಗೆರೆಯ ಹಳೆಯ ಮನೆಗಳ ಕೆಂಪು ನೆಲ, ನಿಮ್ಮ ಡಿಕ್ಕಿಯೊಳಗಿನ ಪ್ರೈಮರ್, ಈ ಮೂರಕ್ಕೂ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡೇ. ಬಿಸಿಲಿಗೆ ಮಾಸದ, ಕ್ಷಾರಕ್ಕೆ ಜಗ್ಗದ ಗಟ್ಟಿ ಬಣ್ಣ ಅದು. ತೊಂದರೆ ಇರುವುದು ಸಿಮೆಂಟಿಗೆಂದು ಮಾರುವ ಪುಡಿಯಲ್ಲಿ. ಅದರಲ್ಲಿ ಸುಣ್ಣದ ಪುಡಿಯಂಥ ಬೆರಕೆ ಇರಬಹುದು, ತೇವ ಇರಬಹುದು, ನೀರಿನಲ್ಲಿ ಕರಗುವ ಲವಣಗಳೂ ಇರಬಹುದು. ನೆಲಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ, ತಗಡಿಗೆ ಇದೆ. ಯಾವ ಬಣ್ಣದ ಪದರವೂ ನೀರಾವಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಒಳಗೆ ಸಿಕ್ಕಿಕೊಂಡ ಲವಣ ಆ ಆವಿಯನ್ನು ಸೆಳೆದುಕೊಂಡು ನೀರಾಗಿಸುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದಡಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳುತ್ತವೆ, ಒಂದೊಂದು ಗುಳ್ಳೆಯ ಬುಡದಲ್ಲೂ ತುಕ್ಕು ಹುಟ್ಟುತ್ತದೆ.

ಇನ್ನೊಂದು ವಿಷಯ, ಕಲಸುವಿಕೆ. ಪ್ರೈಮರ್ ಕಾರ್ಖಾನೆಯಲ್ಲಿ ಬಣ್ಣದ ಪುಡಿಯನ್ನು ಗಿರಣಿಯಲ್ಲಿ ಅರೆದು, ಅಂಟಿಕೊಂಡ ಕಣಗಳನ್ನು ಬಿಡಿಸಿ, ಪ್ರತಿ ಕಣವೂ ರಾಳದಲ್ಲಿ ನೆನೆಯುವಂತೆ ಮಾಡುತ್ತಾರೆ. ಕೋಲಿನಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಆ ಕೆಲಸ ಆಗುವುದಿಲ್ಲ. ನೆನೆಯದ ಕಣಗಳ ನಡುವೆ ಗಾಳಿ ಉಳಿಯುತ್ತದೆ. ಬೂದು ಪ್ರೈಮರನ್ನು ಇಟ್ಟಿಗೆ ಕೆಂಪಿಗೆ ತರಬೇಕಾದರೆ ಪುಡಿ ಬಹಳಷ್ಟು ಬೇಕು. ಅಷ್ಟು ಹಾಕಿದಾಗ ಕಣಗಳನ್ನು ಬಂಧಿಸಲು ರಾಳವೇ ಸಾಲದೆ ಪದರದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಎಪಾಕ್ಸಿಗೆ ಹೆಚ್ಚಿನ ಬೆಲೆ ಕೊಟ್ಟದ್ದು ಅಂಥ ರಂಧ್ರ ಇರಬಾರದೆಂದೇ ಅಲ್ಲವೇ?

ರಾಳದಿಂದ ಮೊದಲುಗೊಂಡು ನೀವೇ ತಯಾರಿಸುವ ವಿಚಾರ. ಲೆಕ್ಕ ಕಷ್ಟದ್ದಲ್ಲ. ರಾಳಕ್ಕೆ ಒಂದು ಎಪಾಕ್ಸಿ ತುಲ್ಯತೂಕ, ಹಾರ್ಡನರಿಗೆ ಒಂದು ಅಮೀನ್ ಹೈಡ್ರೋಜನ್ ತುಲ್ಯತೂಕ ಇರುತ್ತದೆ, ಅಂದರೆ ಒಂದು ಇನ್ನೊಂದರ ಜೊತೆ ಏನೂ ಉಳಿಯದಂತೆ ವರ್ತಿಸುವ ತೂಕಗಳು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ, 100 ಗ್ರಾಂ ರಾಳಕ್ಕೆ ಎಷ್ಟು ಗ್ರಾಂ ಹಾರ್ಡನರ್ ಎಂಬುದು ಸಿಗುತ್ತದೆ. ರಾಳದ್ದು 190, ಹಾರ್ಡನರಿನದು 95 ಆಗಿದ್ದರೆ ಉತ್ತರ 50. ಆದರೆ ರಾಳ ಮತ್ತು ಹಾರ್ಡನರ್ ಸೇರಿದರೆ ಅಂಟಾಗುತ್ತದೆ, ಪ್ರೈಮರ್ ಆಗುವುದಿಲ್ಲ. ತುಕ್ಕು ತಡೆಯಲು ಜಿಂಕ್ ಫಾಸ್ಫೇಟ್, ಉಜ್ಜಲು ಬರುವಂತೆ ಟಾಲ್ಕ್, ಪುಡಿ ತಳಕ್ಕೆ ಕೂರದಂತೆ ತಡೆಯುವ ದ್ರವ್ಯ, ಸರಿಯಾದ ದ್ರಾವಕಗಳ ಮಿಶ್ರಣ ಎಲ್ಲವೂ ಬೇಕು. ಅದು ತಗಡಿನಲ್ಲಿ ನಿಲ್ಲುತ್ತದೆಯೇ ಎಂದು ತಿಳಿಯಲು ಉಪ್ಪುನೀರನ್ನು ಮಂಜಿನಂತೆ ಸಿಂಪಡಿಸುವ ಪರೀಕ್ಷಾ ಪೆಟ್ಟಿಗೆಯಲ್ಲಿ ನೂರಾರು ಗಂಟೆ ಇಟ್ಟು ನೋಡಬೇಕು. ತಾತನವರ ಕಾರು ಆ ಪರೀಕ್ಷೆಯ ತಗಡಾಗುವುದು ಬೇಡ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ ಬಣ್ಣ? ಕಣ್ಣಿಗೆ ಬೀಳುವ ಕಡೆ ಮಾತ್ರ ಬಣ್ಣ ಹೊಂದಿಸಿ. ನೀವು ತಂದ ಬೂದು ಪ್ರೈಮರನ್ನು ಬೇರೆ ಬಣ್ಣ ಬೆರೆಸದೆ ಇಡೀ ಕಾರಿಗೆ ಎರಡು ಕೋಟ್ ಹೊಡೆಯಿರಿ. ಡಿಕ್ಕಿಯ ಒಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಹೀಗೆ ಮೇಲುಬಣ್ಣ ಬಾರದೆ ಪ್ರೈಮರೇ ಕಾಣುವ ಕಡೆಗಳಲ್ಲಿ ಅದರ ಮೇಲೆ ಕೆಂಪಿನದೊಂದು ಕೋಟ್ ಕೊಡಿ. ತಗಡನ್ನು ಹಿಡಿಯುವ ಕೆಲಸ ಕೆಳಗಿನ ಎರಡು ಕೋಟ್‌ಗಳದ್ದು, ಹಳೆಯ ಚಹರೆ ತರುವುದು ಮೇಲಿನದ್ದು. 1968ರ ಕಾರ್ಖಾನೆಯ ಪ್ರೈಮರ್ ಭಟ್ಟಿಯಲ್ಲಿ ಬೇಯಿಸಿದ್ದು, ಈಗಿನದು ಹಾರ್ಡನರಿನಿಂದ ಗಟ್ಟಿಯಾಗುವಂಥದ್ದು. ರಸಾಯನ ಹೇಗಿದ್ದರೂ ಬೇರೆಯೇ ಆದ್ದರಿಂದ, ಮೂಲದಂತೆ ಉಳಿಸಿಕೊಳ್ಳಲು ಸಾಧ್ಯವಿರುವುದು ಬಣ್ಣವೊಂದೇ.

ಮೊದಲು ಆ ಕೆಂಪು ನಿಜವಾಗಿ ಕಾರ್ಖಾನೆಯದೇ ಎಂದು ಖಚಿತಪಡಿಸಿಕೊಳ್ಳಿ. ಹಿಂದಿನ ದೀಪವನ್ನು ಬಿಚ್ಚಿ ಅದರ ಹಿಂದೆ, ಬಾಗಿಲಿನ ರಬ್ಬರಿನಡಿ, ನಾಣ್ಯದಷ್ಟು ಜಾಗವನ್ನು 800 ನಂಬರಿನ, ನಂತರ 1500ರ ವಾಟರ್ ಪೇಪರಿನಿಂದ ಒದ್ದೆ ಮಾಡಿ ಉಜ್ಜಿ. ಪದರಗಳು ಒಂದರ ಸುತ್ತ ಒಂದು ಬಳೆಯಾಗಿ ತೆರೆದುಕೊಳ್ಳುತ್ತವೆ. ಪುಟ್ಟಿಯ ಮೇಲೆ ಕೆಂಪು ಕಂಡರೆ ಅದು ಯಾವುದೋ ಗ್ಯಾರೇಜಿನಲ್ಲಿ ನಂತರ ಹೊಡೆದದ್ದು. ತಗಡಿಗೆ ನೇರವಾಗಿ ಕಚ್ಚಿಕೊಂಡ ಪದರವೇ ನಿಮಗೆ ಬೇಕಾದ ಮಾದರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜಲೇಬೇಡಿ, ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಮಕ್ಕಳನ್ನು ಶೆಡ್ಡಿನಿಂದ ದೂರ ಇಡಿ.

ಕೆಂಪು ಕೋಟಿಗೆ, ನೀವು ತಂದ ಕಂಪನಿಯದೇ ಅದೇ ಸರಣಿಯ ಕೆಂಪು ಮತ್ತು ಕಪ್ಪು ಎಪಾಕ್ಸಿ ಪ್ರೈಮರ್ ತರಿಸಿ, ಅವುಗಳನ್ನೇ ಒಂದಕ್ಕೊಂದು ಬೆರೆಸುವುದು ಅತ್ಯಂತ ಸುರಕ್ಷಿತ. ಅಂಗಡಿಯವರಿಗೆ ಬಣ್ಣ ವಿವರಿಸಲು ರಾಲ್ (RAL) ಬಣ್ಣಪಟ್ಟಿಯ 3009 ಸಂಖ್ಯೆಯ ಆಕ್ಸೈಡ್ ರೆಡ್ ಒಂದು ಒಳ್ಳೆಯ ಆರಂಭ. ಕೆಂಪು ಕಣ್ಣು ಕುಕ್ಕುವಂತಿದ್ದರೆ ಒಂದು ಚೂರು ಕಪ್ಪು ಸಾಕು. ಹಳದಿಯ ಛಾಯೆ ಬೇಕಿದ್ದರೆ ಕಂಪನಿಯೇ ಒಪ್ಪುವ ಹಳದಿ ಆಕ್ಸೈಡ್ ಪೇಸ್ಟನ್ನು ಅದರ ಮಾಹಿತಿ ಪತ್ರ ಹೇಳಿದ ಮಿತಿಯೊಳಗೆ ಹಾಕಿ. ಗೋಡೆ ಬಣ್ಣದ ಸ್ಟೇನರ್, ಎನಾಮಲ್ ಬಣ್ಣ ಎರಡೂ ಇದರ ಹತ್ತಿರ ಸುಳಿಯಬಾರದು. ಪೇಸ್ಟನ್ನು ಹಾರ್ಡನರ್ ಸೇರಿಸುವ ಮೊದಲೇ ಹಾಕಬೇಕು. ಕಂಪನಿ ಬೇರೆ ರೀತಿ ಹೇಳದಿದ್ದರೆ ಹಾರ್ಡನರನ್ನು ಮೂಲ ಪ್ರೈಮರಿನ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ. 4:1 ಅನುಪಾತದ 400 ಮಿಲಿ ಪ್ರೈಮರಿಗೆ 15 ಮಿಲಿ ಪೇಸ್ಟ್ ಸೇರಿಸಿದರೂ ಹಾರ್ಡನರ್ 100 ಮಿಲಿಯೇ, ಏಕೆಂದರೆ ಬಣ್ಣದ ಪುಡಿ ಹಾರ್ಡನರಿನ ಜೊತೆ ವರ್ತಿಸುವುದಿಲ್ಲ.

ಬಣ್ಣವನ್ನು ಡಬ್ಬಿಯಲ್ಲಿ ನೋಡಿ ತೀರ್ಮಾನಿಸಬೇಡಿ. ಹಸಿಯಾಗಿದ್ದಾಗ ಗಾಢವಾಗಿ ಕಾಣುವ ಪ್ರೈಮರ್ ಒಣಗಿ ಮಂಕಾದಾಗ ತಿಳಿಯಾಗುತ್ತದೆ, ಕಂದು ಹಳದಿಯ ಹಾರ್ಡನರ್ ಕೂಡ ಛಾಯೆಯನ್ನು ಸ್ವಲ್ಪ ಎಳೆಯುತ್ತದೆ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಹಾರ್ಡನರ್ ಸೇರಿಸಿ, ಅಂಗೈಯಗಲದ ತಗಡಿನ ತುಂಡುಗಳಿಗೆ ಸ್ಪ್ರೇ ಗನ್ನಿನಿಂದಲೇ ಹೊಡೆದು, ಒಂದು ದಿನ ಒಣಗಲು ಬಿಡಿ. ಪ್ರತಿ ತುಂಡಿನ ಹಿಂದೆ ಅದರ ತೂಕಗಳನ್ನು ಬರೆದಿಡಿ. ಹೋಲಿಸುವಾಗ ಹಳೆಯ ಪ್ರೈಮರನ್ನೂ ಹೊಸ ತುಂಡನ್ನೂ ನೀರಿನಿಂದ ಒದ್ದೆ ಮಾಡಿ ನೋಡಿ. ಹೊಳಪಿನ ವ್ಯತ್ಯಾಸ ಮರೆಯಾಗಿ ಬಣ್ಣದ ವ್ಯತ್ಯಾಸವಷ್ಟೇ ಉಳಿಯುತ್ತದೆ. ಉತ್ತರದ ಕಡೆಯ ನೆರಳಿನ ಬೆಳಕಿನಲ್ಲಿ ನೋಡಿದ ಮೇಲೆ ಟ್ಯೂಬ್‌ಲೈಟಿನಲ್ಲೂ ಹಳದಿ ಬಲ್ಬಿನಲ್ಲೂ ನೋಡಿ. ಆಕ್ಸೈಡಿನ ಕೆಂಪಿಗೆ ಆಕ್ಸೈಡನ್ನೇ ಬಳಸಿದ್ದರೆ ಮೂರೂ ಬೆಳಕಿನಲ್ಲಿ ಜೋಡಿ ಕೂಡುತ್ತದೆ. ಬೇರೆ ಕೆಂಪು ಬಣ್ಣಗಳಿಂದ ಹೊಂದಿಸಿದ್ದರೆ ಹಗಲಿನಲ್ಲಿ ಒಂದಾಗಿ ಕಂಡದ್ದು ರಾತ್ರಿ ದೀಪದಡಿ ಬೇರೆಯಾಗಬಹುದು.

ಕೊನೆಗೆ ನಮ್ಮ ಊರಿನ ಹವೆ. ಡಬ್ಬಿಯ ಮೇಲೆ ಬರೆದ ಪಾಟ್ ಲೈಫ್ (ಕಲಸಿದ ಮೇಲೆ ಬಳಸಬಹುದಾದ ಅವಧಿ) ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್ಸಿಗೆ. ಉಷ್ಣತೆ 10 ಡಿಗ್ರಿ ಏರಿದಂತೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ದೊಡ್ಡ ಪಾತ್ರೆ ಕಲಸಿಟ್ಟು ಊಟಕ್ಕೆ ಹೋಗಬೇಡಿ. ಬೋರ್‌ವೆಲ್ ನೀರಿನ ಲವಣವೂ ಪುಡಿಯ ಲವಣದಷ್ಟೇ ಕೆಟ್ಟದ್ದು. ಬರಿ ತಗಡನ್ನು ಕೊನೆಯ ಬಾರಿ ತೊಳೆಯುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ, ಆ ಕೂಡಲೇ ಒಣಗಿಸಿ.

ಪ್ರಶ್ನೆ: ಹೆದ್ದಾರಿ ಬದಿಯಲ್ಲಿ ನನ್ನ ಗ್ಯಾರೇಜ್ ಇದೆ. ಹಳೆಯ ಅಂಬಾಸಿಡರ್ ಒಂದಕ್ಕೆ ಆಸಿಡ್ ರಸ್ಟ್ ರಿಮೂವರ್ ಹಚ್ಚಿ, ಬಟ್ಟೆಯಿಂದ ಒರೆಸಿ, ಎಪಾಕ್ಸಿ ಪ್ರೈಮರ್ ಹೊಡೆದೆವು. ತಿಂಗಳೊಳಗೆ ಹಾಳೆಯಂತೆ ಎದ್ದು ಬಂತು. ಪ್ರೈಮರ್ ನಕಲಿಯೇ?
– ಗ್ಯಾರೇಜ್ ಮಾಲೀಕರು, ಚಿತ್ರದುರ್ಗ

ಉತ್ತರ: ಪ್ರೈಮರಿಗಿಂತ ಮೊದಲು ಆಸಿಡ್ ಮೇಲೆ ನನ್ನ ಅನುಮಾನ. ರಸ್ಟ್ ರಿಮೂವರಿನ ಫಾಸ್ಫಾರಿಕ್ ಆಮ್ಲ ತಗಡಿನ ಮೇಲೆ ಉಳಿದರೆ, ಕ್ಷಾರಗುಣದ ಅಮೀನ್ ಹಾರ್ಡನರನ್ನು ಅದೇ ತಿಂದುಹಾಕುತ್ತದೆ. ಮೇಲ್ಭಾಗ ಗಟ್ಟಿಯಾಗುತ್ತದೆ, ತಗಡಿಗೆ ತಾಗಿದ ಪದರ ಮಾತ್ರ ಬಲಿಯದೆ ಉಳಿಯುತ್ತದೆ. ಎದ್ದ ಹಾಳೆಯ ಅಡಿಭಾಗ ಮೆತ್ತಗಿದ್ದರೆ ಇದೇ ಕಾರಣ. ಒರೆಸುವುದು ಸಾಲದು. ಒಣಗಿದ ಆಮ್ಲದ ಮೇಲೆ ಮತ್ತೆ ಅದೇ ದ್ರಾವಣ ಹಚ್ಚಿ ಒದ್ದೆ ಮಾಡಿ, ಹಸಿಯಾಗಿರುವಾಗಲೇ ಧಾರಾಳ ನೀರಿನಿಂದ ತೊಳೆದು, ಒಣಗಿಸಿ, 80ರಿಂದ 180ರೊಳಗಿನ ಎಮರಿಯಿಂದ ಉಜ್ಜಿ ಹೊಳೆಯುವ ತಗಡು ಕಂಡ ಮೇಲೆ ಪ್ರೈಮರ್ ಹೊಡೆಯಿರಿ. ಆಮ್ಲವಿರುವ ಎಚ್ (ಎಚಿಂಗ್) ಪ್ರೈಮರಿನ ಮೇಲೆ ಎಪಾಕ್ಸಿ ಹೊಡೆಯುವ ರೂಢಿಯನ್ನೂ ಇದೇ ಕಾರಣಕ್ಕೆ ಬಿಡಿ.

ನಿಮ್ಮೂರಿನ ಪಕ್ಕದ ಜೋಗಿಮಟ್ಟಿ ಬೆಟ್ಟದಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿ ನಿಮ್ಮ ಶೆಡ್ಡಿಗೂ ಬರುತ್ತದೆ. ಹೆದ್ದಾರಿಯ ಧೂಳಿನ ಜೊತೆಗೆ ಅದು ತುಂತುರನ್ನು ದಾರಿಯಲ್ಲೇ ಒಣಗಿಸಿ ಮೇಲ್ಮೈಯನ್ನು ಒರಟು ಮಾಡುತ್ತದೆ. ಗಾಳಿ ಬರುವ ಬದಿಗೆ ಪರದೆ ಕಟ್ಟಿ, ಅದೇ ಕಂಪನಿಯ ನಿಧಾನವಾಗಿ ಆರುವ ಥಿನ್ನರ್ ಬಳಸಿ. ಮಳೆಗಾಲದಲ್ಲಿ ತಗಡಿನ ಉಷ್ಣತೆ ಇಬ್ಬನಿ ಬೀಳುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಲಿ. ಇಲ್ಲವಾದರೆ ಹಾರ್ಡನರ್, ತೇವ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಅದನ್ನು ಥಿನ್ನರಿನಿಂದ ಒರೆಸಿದರೆ ಹರಡುತ್ತದೆ, ಬೆಚ್ಚನೆಯ ನೀರಿನಿಂದ ತಿಕ್ಕಿ ತೊಳೆದರೆ ಹೋಗುತ್ತದೆ.

ನಿಮ್ಮ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುತ್ತಿದ್ದರೆ ಇಂದೇ ನಿಲ್ಲಿಸಿ. ದ್ರಾವಕದ ಆವಿಯನ್ನು ತಡೆಯುವ ಕಾರ್ಟ್ರಿಜ್ ಮಾಸ್ಕ್, ನೈಟ್ರೈಲ್ ಕೈಗವಸು ಕೊಡಿಸಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಚರ್ಮಕ್ಕೆ ಅಂಟಿದರೆ ಜೀವಮಾನವಿಡೀ ಬಿಡದಿರಬಹುದು. ಕೈಗೆ ತಾಗಿದರೆ ಥಿನ್ನರ್ ಬೇಡ, ಸೋಪು ನೀರು ಸಾಕು.

ಪ್ರಶ್ನೆ: ಮೇಲುಬಣ್ಣಕ್ಕೆ ಹಣ ಹೊಂದಿಸಲು ಆರು ತಿಂಗಳು ಬೇಕು. ಅಲ್ಲಿಯವರೆಗೆ ಎಪಾಕ್ಸಿ ಪ್ರೈಮರಿನಲ್ಲೇ ಕಾರನ್ನು ಹೊರಗೆ ನಿಲ್ಲಿಸಬಹುದೇ?
– ಒಬ್ಬ ಓದುಗರು, ಹರಿಹರ

ಉತ್ತರ: ಬಿಸಿಲಿಗೆ ಬೇಡ. ಸೂರ್ಯನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಸುಣ್ಣದಂತೆ ಪುಡಿಯೇಳುತ್ತದೆ. ಶೆಡ್ಡಿನೊಳಗೆ ನಿಲ್ಲಿಸಿ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುವುದರಿಂದ ಅದನ್ನು ಹಾಕದೆ ಹತ್ತಿ ಬಟ್ಟೆ ಹೊದಿಸಿ. ಉಜ್ಜದೆ ಮುಂದಿನ ಕೋಟ್ ಹೊಡೆಯಬಹುದಾದ ಅವಧಿ ಕೆಲವೇ ದಿನಗಳದ್ದು, ನಿಖರ ಅಂಕಿ ಮಾಹಿತಿ ಪತ್ರದಲ್ಲಿರುತ್ತದೆ. ಆರು ತಿಂಗಳ ನಂತರ 320ರ ಪೇಪರಿನಿಂದ ಪೂರ್ತಿ ಉಜ್ಜಿ, ಎಪಾಕ್ಸಿಯ ತೆಳು ಕೋಟ್ ಒಂದನ್ನು ಹೊಸದಾಗಿ ಕೊಟ್ಟು, ಅದರ ಅವಧಿ ಮೀರುವ ಮೊದಲೇ ಮೇಲುಬಣ್ಣಕ್ಕೆ ಕೈ ಹಾಕಿ.