3,500 ಪದಗಳ ಆ ಪಟ್ಟಿ

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ: 'ಮಗಳು ಮೊದಲ ಪಿಯುಸಿ, ಸೈನ್ಸ್. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಸ್ಕಾಲರ್‌ಶಿಪ್ ಸಿಕ್ಕರೆ ಅಮೆರಿಕದಲ್ಲಿ ಡಿಗ್ರಿ ಮಾಡುವ ಆಸೆ. ಅದಕ್ಕಾಗಿ ಅಲ್ಲಿನ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ಓದುತ್ತಿದ್ದಾಳೆ. ಪರಿಚಯದವರೊಬ್ಬರು ಹಳೆಯ ಪುಸ್ತಕವೊಂದರ ಜೆರಾಕ್ಸ್ ಕೊಟ್ಟರು. ಅದರಲ್ಲಿ 3,500 ಇಂಗ್ಲಿಷ್ ಪದಗಳಿವೆ. ಬೆಳಿಗ್ಗೆ ಐದಕ್ಕೆ ಎದ್ದು ದಿನಕ್ಕೆ 50 ಪದ ಬಾಯಿಪಾಠ ಮಾಡುತ್ತಾಳೆ. ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತಾಳೆ, ಅಳುತ್ತಾಳೆ. ಕನ್ನಡ ಕಾದಂಬರಿ ಓದುವ ಅಭ್ಯಾಸ ಇತ್ತು, ಪರೀಕ್ಷೆ ಮುಗಿಯುವ ತನಕ ಬೇಡ ಅಂತ ನಾನೇ ಬಿಡಿಸಿದ್ದೇನೆ. ಕನ್ನಡ ಮಾಧ್ಯಮಕ್ಕೆ ಹಾಕಿದ್ದು ನಮ್ಮ ತಪ್ಪೇ? ಈ ಪದಗಳು ತಲೆಯಲ್ಲಿ ನಿಲ್ಲುವಂತೆ ಮಾಡಲು ಉಪಾಯ ಇದೆಯೇ?'

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪು ನಿಮ್ಮದಲ್ಲ, ಮಗಳದ್ದಂತೂ ಅಲ್ಲವೇ ಅಲ್ಲ. ಆ ಜೆರಾಕ್ಸ್ ಕಟ್ಟನ್ನು ಇವತ್ತೇ ಪಕ್ಕಕ್ಕಿಡಿ. ಅದು ಈಗ ಇಲ್ಲದ ಪರೀಕ್ಷೆಗೆ ಮಾಡಿದ ಪಟ್ಟಿ.

ಎಸ್‌ಎಟಿ ಶುರುವಾಗಿದ್ದು 1926ರ ಜೂನ್‌ನಲ್ಲಿ. ಮೊದಲ ಸಲ ಬರೆದವರು ಸುಮಾರು 8,000 ಮಂದಿ. 97 ನಿಮಿಷಕ್ಕೆ 315 ಪ್ರಶ್ನೆ! ಪದಗಳ ಅರ್ಥ, ವಿರುದ್ಧ ಪದ, ಪದಗಳ ನಡುವಿನ ಸಂಬಂಧ ಇವೆಲ್ಲ ಅದರಲ್ಲಿ ಇದ್ದವು. ಇದನ್ನು ರೂಪಿಸಿದವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಯಾವ ಜನಾಂಗಕ್ಕೆ ಎಷ್ಟು ಬುದ್ಧಿ ಅಂತ ಪರೀಕ್ಷೆಯಿಂದ ಅಳೆಯಬಹುದು ಎಂದು ಅವರು ಆಗ ನಂಬಿದ್ದರು. 1930ರಲ್ಲಿ ಅವರೇ ಆ ಮಾತನ್ನು ವಾಪಸ್ ತೆಗೆದುಕೊಂಡರು. ತಮ್ಮ ಹಿಂದಿನ ತೀರ್ಮಾನಕ್ಕೆ ಬುಡವೇ ಇಲ್ಲ ಎಂದು ಬರೆದರು. ಇದು ನಿಮ್ಮ ಮಗಳಿಗೂ ಗೊತ್ತಿರಲಿ. ಒಂದು ಪದ ಗೊತ್ತಿಲ್ಲ ಅಂದರೆ ಅದು ಅವಳ ಕಿವಿಗೆ ಇನ್ನೂ ಬಿದ್ದಿಲ್ಲ ಅಂತ, ಅಷ್ಟೇ.

ಹಳೆ ಎಸ್‌ಎಟಿಯ ಒಂದು ಪ್ರಶ್ನೆ ಅಮೆರಿಕದಲ್ಲಿ ಇವತ್ತಿಗೂ ಚರ್ಚೆಗೆ ಬರುತ್ತದೆ. ಓಟಗಾರನಿಗೆ ಮ್ಯಾರಥಾನ್ ಹೇಗೋ ಹಾಗೆ ಯಾರಿಗೆ ಯಾವುದು? ಸರಿಯುತ್ತರ 'ಓರ್ಸ್‌ಮನ್' ಮತ್ತು 'ರಿಗಾಟಾ'. ಅಂದರೆ ದೋಣಿಗೆ ಹುಟ್ಟು ಹಾಕುವವನು ಮತ್ತು ದೋಣಿ ಪಂದ್ಯ. ದೋಣಿ ಕ್ಲಬ್ಬಿಗೆ ಹೋಗುವ ಮನೆಯ ಮಕ್ಕಳಿಗೆ ಇದು ಊಟದ ಹೊತ್ತಿನ ಮಾತು. ಬಡವರ ಕೇರಿಯ ಮಗುವಿಗೆ 'ರಿಗಾಟಾ' ಎಲ್ಲಿಂದ ಗೊತ್ತಾಗಬೇಕು? ನಮ್ಮಲ್ಲೂ ಹೀಗೆ ಕೇಳಬಹುದು. ಕೂರಿಗೆ ಅಂದರೇನು ಅಂತ ಕೇಳಿದರೆ ಗದಗ ಕಡೆಯ ರೈತರ ಮಗ ತಟ್ಟನೆ ಹೇಳುತ್ತಾನೆ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗ ತಡವರಿಸುತ್ತಾನೆ. ಇಬ್ಬರಲ್ಲಿ ಯಾರು ಜಾಣ ಅಂತ ಇದರಿಂದ ಹೇಗೆ ತಿಳಿಯುತ್ತದೆ?

ಈ ಅನ್ಯಾಯ ಅಲ್ಲಿನವರಿಗೂ ಕಾಣಿಸಿತು. ವಿರುದ್ಧ ಪದದ ಪ್ರಶ್ನೆಗಳು 1994ರಲ್ಲಿ ಹೋದವು. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರಿಚರ್ಡ್ ಅಟ್ಕಿನ್‌ಸನ್ ಒಂದು ಭಾಷಣ ಮಾಡಿದರು. ಖಾಸಗಿ ಶಾಲೆಯೊಂದರಲ್ಲಿ 12 ವರ್ಷದ ಮಕ್ಕಳು ಎಸ್‌ಎಟಿಗಾಗಿ ಪದಗಳ ಜೋಡಿ ಹೊಂದಿಸುವುದನ್ನು ಕಲಿಯುತ್ತಿದ್ದುದನ್ನು ಕಂಡು ಮನಸ್ಸು ಕಲಕಿತ್ತು ಅವರಿಗೆ. ತಮ್ಮ ವಿಶ್ವವಿದ್ಯಾಲಯಕ್ಕೆ ಈ ಪರೀಕ್ಷೆಯೇ ಬೇಡ ಅಂದರು. 2005ಕ್ಕೆ ಪದಗಳ ಜೋಡಿಯ ಆ ಪ್ರಶ್ನೆಗಳೂ ಹೋದವು. 2016ರ ಬದಲಾವಣೆಯಲ್ಲಿ ಕಷ್ಟದ ಪದಗಳಿಂದ ಬಿಟ್ಟ ಸ್ಥಳ ತುಂಬುವ ಹಳೆ ಮಾದರಿ ಹೋಯಿತು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ನಿಂತಿತು. ನಿಮ್ಮ ಮನೆಗೆ ಬಂದ ಪಟ್ಟಿ ಅದಕ್ಕಿಂತ ಹಿಂದಿನದು ಅಂತ ನನಗೆ ಅನ್ನಿಸುತ್ತದೆ.

ಈಗಿನ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಮೆರಿಕದ ಹೊರಗೆ 2023ರಿಂದ ಹೀಗೇ ಇದೆ. ಓದು-ಬರಹದ ಭಾಗದಲ್ಲಿ 54 ಪ್ರಶ್ನೆ, 64 ನಿಮಿಷ. ಪ್ರತಿ ಪ್ರಶ್ನೆಗೂ ಒಂದು ಪುಟ್ಟ ಬರಹ ಇರುತ್ತದೆ, ಜಾಸ್ತಿ ಅಂದರೆ 150 ಪದದ್ದು. ಪದದ ಪ್ರಶ್ನೆಗಳು ಪೂರ್ತಿ ಹೋಗಿಲ್ಲ. ಕಷ್ಟದ ಪದಗಳೂ ಬರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪದ ಒಂಟಿಯಾಗಿ ಬರುವುದಿಲ್ಲ. ಈ ಜಾಗದಲ್ಲಿ ಯಾವ ಪದ ಸರಿಯಾಗಿ ಕೂರುತ್ತದೆ, ಅಥವಾ ಈ ವಾಕ್ಯದಲ್ಲಿ ಈ ಪದಕ್ಕೆ ಏನರ್ಥ ಅಂತ ಕೇಳುತ್ತಾರೆ. ಎರಡನೆಯದರಲ್ಲಿ ಎಷ್ಟೋ ಸಲ ಪದ ತೀರಾ ಸಾಮಾನ್ಯದ್ದು. ಪಟ್ಟಿ ಕಲಿತವರು ಅಲ್ಲೇ ಎಡವುತ್ತಾರೆ.

ನನ್ನದೇ ಒಂದು ನೆನಪು ಹೇಳುತ್ತೇನೆ. ನಾನೂ ಕನ್ನಡ ಮಾಧ್ಯಮದವನು. ಪಿಯುಸಿಗೆ ಬಂದಾಗ ಫಿಸಿಕ್ಸ್ ಪುಸ್ತಕದ ಅಂಚಿನ ತುಂಬ ಪೆನ್ಸಿಲಿನಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದೆ. ಒಂದು ಕಡೆ 'ನೋ ಅಪ್ರೀಶಿಯಬಲ್ ಚೇಂಜ್' ಅಂತ ಇತ್ತು. 'ಅಪ್ರೀಶಿಯೇಟ್' ಅಂದರೆ ಮೆಚ್ಚುವುದು ಅಂತ ನನಗೆ ಗೊತ್ತಿತ್ತು. ಹಾಗಾಗಿ ಅಂಚಿನಲ್ಲಿ 'ಮೆಚ್ಚುವಂಥ ಬದಲಾವಣೆ ಇಲ್ಲ' ಅಂತ ಬರೆದೆ. ತಂತಿಯ ಉದ್ದದಲ್ಲಿ ಮೆಚ್ಚುವುದೇನಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ನಮ್ಮ ಮೇಷ್ಟ್ರು ನನ್ನ ಪುಸ್ತಕ ತೆಗೆದುಕೊಂಡು, ಅದನ್ನು ಅಳಿಸಿ, 'ಗಮನಕ್ಕೆ ಬರುವಷ್ಟು' ಅಂತ ಬರೆದುಕೊಟ್ಟರು. ಅವತ್ತು ಇಡೀ ಪ್ಯಾರಾ ಬಿಚ್ಚಿಕೊಂಡಿತು. ನನಗೆ ಪದ ಗೊತ್ತಿತ್ತು. ಆ ವಾಕ್ಯದೊಳಗಿನ ಪದ ಗೊತ್ತಿರಲಿಲ್ಲ.

'ಸ್ಯಾಂಕ್ಷನ್' ಪದವನ್ನೇ ನೋಡಿ. ನಮ್ಮಲ್ಲಿ ಸಾಲ ಸ್ಯಾಂಕ್ಷನ್ ಆಯಿತು ಅಂದರೆ ಮಂಜೂರಾಯಿತು ಅಂತ. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರು ಅಂದರೆ ನಿರ್ಬಂಧ. ಒಂದೇ ಪದ, ಅರ್ಥ ಮಾತ್ರ ಎದುರುಬದುರು. 'ಕ್ವಾಲಿಫೈಡ್' ಕೂಡ ಹಾಗೇ. ಕ್ವಾಲಿಫೈಡ್ ಡಾಕ್ಟರ್ ಅಂದರೆ ಅರ್ಹತೆ ಇರುವವರು. ಕ್ವಾಲಿಫೈಡ್ ಸಪೋರ್ಟ್ ಅಂದರೆ 'ಹೂಂ, ಆದರೆ' ಅಂತ ಷರತ್ತು ಹಾಕಿ ಕೊಟ್ಟ ಬೆಂಬಲ. ಪಟ್ಟಿಯಲ್ಲಿ ಪದದ ಮುಂದೆ ಒಂದೇ ಅರ್ಥ ಇದ್ದರೆ ಏನು ಮಾಡೋಣ?

ನಿಮ್ಮ ಮಗಳಿಗೆ ಈ ವಿದ್ಯೆ ಈಗಾಗಲೇ ಗೊತ್ತು, ಕನ್ನಡದಲ್ಲಿ ಗೊತ್ತು. 'ಹಿಡಿ' ಅಂದರೆ ಏನು ಅಂತ ಅವಳನ್ನು ಕೇಳಿ. ಬಸ್ ಹಿಡಿಯುತ್ತೇವೆ. ಮಳೆ ಹಿಡಿದುಕೊಳ್ಳುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸಾಗರಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ. ಈ ಪಾತ್ರೆ ಐದು ಲೀಟರ್ ಹಿಡಿಯುತ್ತದೆ. ಅಜ್ಜ ಹಾಸಿಗೆ ಹಿಡಿದರು. ಇದನ್ನೆಲ್ಲ ಅವಳು ಯಾವ ಪಟ್ಟಿಯಿಂದ ಕಲಿತಳು? ಮನೆಯಲ್ಲಿ ಕೇಳಿ ಕಲಿತಳು, ಕಾದಂಬರಿ ಓದಿ ಕಲಿತಳು. ಪಕ್ಕದ ಪದ ನೋಡಿ ಈ ಪದದ ಅರ್ಥ ಹಿಡಿಯುವುದನ್ನು ಅವಳ ತಲೆ ಚೆನ್ನಾಗಿ ಕಲಿತಿದೆ. ಪರೀಕ್ಷೆ ಕೇಳುವುದೂ ಅದನ್ನೇ. ಅವಳ ಕಾದಂಬರಿ ಬಿಡಿಸಿದ್ದು ಬೇಡವಾಗಿತ್ತು. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ನೇರವಾಗಿ ಹೇಳಲೇಬೇಕು.

ಒಂದು ಪ್ರಶ್ನೆಯನ್ನು ಬಿಡಿಸಿ ತೋರಿಸುತ್ತೇನೆ. ಇದು ನಾನೇ ಮಾಡಿದ್ದು. ಇಂಗ್ಲಿಷಿನ ಪುಟ್ಟ ಬರಹದ ಸಾರ ಹೀಗಿದೆ ಅಂದುಕೊಳ್ಳಿ: 'ಈ ಗುಡಿ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಹಳೆಯದು ಎಂದು ಸಂಶೋಧಕಿಯೊಬ್ಬರು ಬರೆದಾಗ ಅದು ಬರೀ ಊಹೆ ಅಂದಿದ್ದರು. ಹತ್ತು ವರ್ಷದ ನಂತರ ಸಿಕ್ಕ ಶಾಸನ ಅವರ ಮಾತನ್ನು ___. ಈಗ ಯಾರೂ ಅನುಮಾನಿಸುವುದಿಲ್ಲ.' ಕೆಳಗೆ ನಾಲ್ಕು ಆಯ್ಕೆ: ಅಬ್‌ಸ್ಕ್ಯೂರ್ಡ್, ಕರಾಬರೇಟೆಡ್, ಆಂಟಿಸಿಪೇಟೆಡ್, ಕಾಂಟ್ರಡಿಕ್ಟೆಡ್. ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಲಿ. ಖಾಲಿ ಜಾಗಕ್ಕೆ ತನ್ನದೇ ಪದ ಹಾಕಲಿ, ಕನ್ನಡದ್ದೇ ಹಾಕಲಿ. 'ದೃಢಪಡಿಸಿತು' ಅಂತ ಬರುತ್ತದೆ ಅಲ್ವಾ? ಹಾಗೇಕೆ? 'ಈಗ ಯಾರೂ ಅನುಮಾನಿಸುವುದಿಲ್ಲ' ಅನ್ನುವ ತುಣುಕೇ ದಾರಿ ತೋರಿಸಿತು. ಈಗ ಕೈ ತೆಗೆದು ನೋಡಲಿ. ಕಾಂಟ್ರಡಿಕ್ಟ್ ಅಂದರೆ ಅಲ್ಲಗಳೆಯುವುದು, ಹೋಯಿತು. ಆಂಟಿಸಿಪೇಟ್ ಅಂದರೆ ಮೊದಲೇ ಎದುರು ನೋಡುವುದು, ಇಲ್ಲಿ ಶಾಸನ ಆಮೇಲೆ ಸಿಕ್ಕಿದೆ. ಅಬ್‌ಸ್ಕ್ಯೂರ್ ಅಂದರೆ ಮಸುಕು ಮಾಡುವುದು. ಕರಾಬರೇಟ್ ಪದವನ್ನು ಹಿಂದೆಂದೂ ಕಂಡಿರದಿದ್ದರೂ ಉತ್ತರ ಸಿಕ್ಕಿತು. ಅಷ್ಟೇ ಅಲ್ಲ, ಆ ಪದ ಇನ್ನು ಮರೆಯುವುದಿಲ್ಲ, ಯಾಕೆಂದರೆ ಅದಕ್ಕೆ ಈಗ ಒಂದು ಗುಡಿ, ಒಂದು ಶಾಸನ ಅಂಟಿಕೊಂಡಿದೆ.

ಮರೆವಿನ ಬಗ್ಗೆ ಬರೆದಿದ್ದೀರಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮೊದಲ ದಿನದೊಳಗೇ ಬಹುಪಾಲು ಜಾರಿಹೋಗುತ್ತಿತ್ತು. ಎಲ್ಲೂ ಬಳಕೆಯಲ್ಲಿ ಕಾಣದ 50 ಪದಗಳು ನಿಮ್ಮ ಮಗಳಿಗೆ ಹೆಚ್ಚು ಕಡಿಮೆ ಅಂಥ ಅಕ್ಷರಗುಂಪುಗಳೇ. ಮರೆತರೆ ಅಳುವಂಥದ್ದು ಏನೂ ಇಲ್ಲ ಅಂತ ಹೇಳಿ. ದಿನಕ್ಕೆ ಐದಾರು ಪದ ಸಾಕು, ಓದುವಾಗ ಎದುರಾದವು ಮಾತ್ರ. ನೋಟ್‌ಬುಕ್ಕಿನಲ್ಲಿ ಪದದ ಜೊತೆ ಆ ಪೂರ್ತಿ ವಾಕ್ಯ ಬರೆಯಲಿ, ಕನ್ನಡದಲ್ಲಿ ಅರ್ಥ ಬರೆಯಲಿ. ಮಾರನೇ ದಿನ, ನಾಲ್ಕು ದಿನ ಬಿಟ್ಟು, ಎರಡು ವಾರ ಬಿಟ್ಟು ಅರ್ಥ ಮುಚ್ಚಿಕೊಂಡು ತನ್ನನ್ನು ತಾನೇ ಕೇಳಿಕೊಳ್ಳಲಿ. ಓದಲು ವಿಜ್ಞಾನದ ಲೇಖನ, ಇತಿಹಾಸದ ಬರಹ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಒಳ್ಳೆಯದು. ದಿನಕ್ಕೆ ಒಂದೇ ಬರಹ, ಪೂರ್ತಿಯಾಗಿ.

ಪದಗಳ ಬೇರು ಕಲಿಯುವುದೂ ಸಹಾಯ ಮಾಡುತ್ತದೆ. ಸುಗುಣ, ದುರ್ಗುಣ, ದುರಾಸೆ ಗೊತ್ತಿರುವವಳಿಗೆ ಲ್ಯಾಟಿನ್ನಿನ 'ಬೆನೆ' (ಒಳ್ಳೆಯ), 'ಮ್ಯಾಲ್' (ಕೆಟ್ಟ) ಕಷ್ಟವೇ ಅಲ್ಲ. ಮ್ಯಾಲ್‌ನ್ಯೂಟ್ರಿಷನ್, ಮ್ಯಾಲ್‌ಫಂಕ್ಷನ್ ಎಲ್ಲ ಕೆಟ್ಟದ್ದರ ಕಡೆಯವು. ಆದರೆ ಬೇರನ್ನು ಕಣ್ಣು ಮುಚ್ಚಿ ನಂಬಬಾರದು. ಕೆಮಿಸ್ಟ್ರಿಯ 'ಮ್ಯಾಲಿಯಬಲ್' ಬಂದಿದ್ದು ಸುತ್ತಿಗೆ ಅನ್ನುವ ಅರ್ಥದ ಪದದಿಂದ. ಬಡಿದರೆ ತಗಡಾಗುವಂಥದ್ದು ಅಂತ, ಕೆಟ್ಟದ್ದು ಅಂತಲ್ಲ.

ದುಡ್ಡಿನ ಮಾತು. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ 'ಬ್ಲೂಬುಕ್' ಆ್ಯಪಿನಲ್ಲಿ ಪೂರ್ತಿ ಅಭ್ಯಾಸ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಖಾನ್ ಅಕಾಡೆಮಿ ಅನ್ನುವ ವೆಬ್‌ಸೈಟಿನಲ್ಲಿ ಪಾಠಗಳೂ ಉಚಿತ. ಪದಪಟ್ಟಿಗೆ, ಪದದ ಕ್ರ್ಯಾಶ್ ಕೋರ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಇನ್ನೊಂದು, ಅವಳಿಗೆ ಬೇಕಾದ ಕಾಲೇಜುಗಳು ಎಸ್‌ಎಟಿ ಕೇಳುತ್ತವೆಯೇ ಅಂತ ಒಂದೊಂದರ ವೆಬ್‌ಸೈಟಿನಲ್ಲೂ ನೋಡಿ. ಅಮೆರಿಕದ ಎಂಐಟಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಅಟ್ಕಿನ್‌ಸನ್ ಇದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2021ರಿಂದ ಪ್ರವೇಶಕ್ಕೆ ಈ ಅಂಕ ನೋಡುವುದನ್ನೇ ಬಿಟ್ಟಿದೆ.

ಈ ಭಾನುವಾರ ಅವಳು ಐದಕ್ಕೆ ಏಳುವುದು ಬೇಡ. ತಿಂಡಿ ಆದ ಮೇಲೆ ಬ್ಲೂಬುಕ್ಕಿನ ಮೊದಲ ಪರೀಕ್ಷೆ ಬರೆಯಲಿ, ಅಂಕ ಎಷ್ಟು ಅಂತ ನೀವು ಕೇಳಬೇಡಿ. ತಪ್ಪಾದ ಪದದ ಪ್ರಶ್ನೆಗಳನ್ನು ಅವಳೇ ಕನ್ನಡದಲ್ಲಿ ನಿಮಗೆ ವಿವರಿಸಲಿ, ವಾಕ್ಯ ಎಲ್ಲಿ ತಿರುಗಿತು, ತಾನು ಯಾವ ತುಣುಕು ನೋಡಲಿಲ್ಲ ಅಂತ. ನನಗೂ ಬರೆದು ಕಳಿಸಿದರೆ ಓದುತ್ತೇನೆ. ಅರ್ಧಕ್ಕೆ ಬಿಡಿಸಿದ ಕಾದಂಬರಿ ಯಾವುದು ಅಂತ ಕೇಳಿ, ಅದನ್ನು ಇವತ್ತು ರಾತ್ರಿಯೇ ಅವಳ ಕೈಗೆ ಕೊಡಿ.

— ಸಂಪಾದಕ